ಫಿನಿಶಿಂಗ್ ಮಿಲ್ ತಾಪಮಾನ ಮಾದರಿ: 2.5 ಮಿ.ಮೀ.ಗೆ ಹೊಂದುತ್ತದೆ, 6 ಮಿ.ಮೀ.ಗೆ 30 ಡಿಗ್ರಿ ಕಡಿಮೆ ಬರುತ್ತದೆ

ಪ್ರಶ್ನೆ

6 ಸ್ಟ್ಯಾಂಡ್ ಹಾಟ್ ಸ್ಟ್ರಿಪ್ ಮಿಲ್ (ಕಾದ ಉಕ್ಕನ್ನು ಸಾಲಾಗಿ ನಿಂತ 6 ರೋಲ್ ಜೋಡಿಗಳ ನಡುವೆ ಒತ್ತಿ ತೆಳು ಪಟ್ಟಿ, ಅಂದರೆ ಸ್ಟ್ರಿಪ್, ಮಾಡುವ ಗಿರಣಿ), ಕಡಿಮೆ ಇಂಗಾಲದ ಉಕ್ಕು. ದಪ್ಪದ ದಿಕ್ಕಿನಲ್ಲಷ್ಟೇ ಲೆಕ್ಕ ಹಾಕುವ ಫೈನೈಟ್ ಡಿಫರೆನ್ಸ್ ಮಾದರಿ (ದಪ್ಪವನ್ನು ಬಿಂದುಗಳಾಗಿ ಒಡೆದು ಹಂತಹಂತವಾಗಿ ತಾಪ ಲೆಕ್ಕ ಹಾಕುವುದು), ಅರ್ಧ ದಪ್ಪಕ್ಕೆ ಸಮ ಅಂತರದ 10 ನೋಡ್ (ಬಿಂದು). ಟ್ರಾನ್ಸ್‌ಫರ್ ಬಾರ್ (ಮಿಲ್‌ಗೆ ಒಳಬರುವ ದಪ್ಪ ಪಟ್ಟಿ) 35 ಮಿ.ಮೀ.; ಮಿಲ್ ಮುಂದಿನ ಪೈರೋಮೀಟರ್ (ಮುಟ್ಟದೆ ತಾಪ ಅಳೆಯುವ ಉಪಕರಣ) ತೋರಿಸುವ 1040°ಸೆ. ಅನ್ನೇ ಎಲ್ಲ ನೋಡ್‌ಗೂ ಕೊಡುತ್ತೇನೆ. ರೋಲ್ ತಾಪಮಾನ ಸ್ಥಿರ 70°ಸೆ. ರೋಲ್-ಸ್ಟ್ರಿಪ್ ಎಚ್‌ಟಿಸಿಯನ್ನು (ಶಾಖ ವರ್ಗಾವಣೆ ಗುಣಾಂಕ) 18 ಕಿ.ವ್ಯಾ./ಚ.ಮೀ.-ಕೆಲ್ವಿನ್‌ಗೆ ಇಳಿಸಿದಾಗ 2.5 ಮಿ.ಮೀ. ಕಾಯಿಲ್‌ಗಳು (ಸುತ್ತಿದ ಪಟ್ಟಿ ಸುರುಳಿಗಳು) ±8 ಡಿಗ್ರಿಯೊಳಗೆ ಬಂದವು. ಅದೇ ಸಂಖ್ಯೆಯಿಟ್ಟು 6 ಮಿ.ಮೀ. ಓಡಿಸಿದರೆ ಕೊನೆಯ ಸರಾಸರಿ ತಾಪಮಾನ ಪೈರೋಮೀಟರ್‌ಗಿಂತ 30 ಡಿಗ್ರಿ ಕಡಿಮೆ. ದಪ್ಪಕ್ಕೊಂದು ಎಚ್‌ಟಿಸಿ ಪಟ್ಟಿ ಮಾಡಿಬಿಡಲೇ?

ಉತ್ತರ 1

ಪಟ್ಟಿ ಬೇಡ. ಈ ಗುಣಾಂಕ ಸಾಮಾನ್ಯವಾಗಿ 20ರಿಂದ 60ರ ನಡುವೆ ಇರುತ್ತದೆ. 18ಕ್ಕೆ ಇಳಿಸಬೇಕಾಯಿತೆಂದರೆ ಇನ್ನೆಲ್ಲೋ ಬಿಟ್ಟುಹೋದ ಶಾಖವನ್ನು ಅದರ ತಲೆಗೆ ಕಟ್ಟಿದ್ದೀರಿ.

ಮೊದಲ ಅನುಮಾನ ಆ 1040ರ ಮೇಲೆ. ಅದು ಮೇಲ್ಮೈಯದು. ಎಮಿಸಿವಿಟಿ (ಮೇಲ್ಮೈ ಶಾಖ ಹೊರಸೂಸುವ ಪ್ರಮಾಣ) 0.85 ಹಿಡಿದರೆ ಆ ತಾಪದಲ್ಲಿ ವಿಕಿರಣ ಸುಮಾರು 143 ಕಿ.ವ್ಯಾ./ಚ.ಮೀ. ಡಿಲೇ ಟೇಬಲ್ (ಮಿಲ್‌ಗೆ ಮುಂಚೆ ಬಾರ್ ಸಾಗುವ, ಕಾಯುವ ರೋಲರ್ ಹಾದಿ) ಮೇಲೆ ಬಾರ್ ಸ್ವಲ್ಪ ಹೊತ್ತು ಇದ್ದರೆ ಒಳಗೆ ಪ್ಯಾರಾಬೊಲಾ ಆಕಾರದ ಪ್ರೊಫೈಲ್ ಏರ್ಪಡುತ್ತದೆ. ಆಗ ಸರಾಸರಿ ಮತ್ತು ಮೇಲ್ಮೈ ನಡುವಿನ ಅಂತರ = ವಿಕಿರಣ × ಅರ್ಧ ದಪ್ಪ ÷ (3 × ಉಷ್ಣವಾಹಕತೆ). ವಾಹಕತೆ 29 ಇಟ್ಟರೆ 17.5 ಮಿ.ಮೀ.ಗೆ ಹತ್ತಿರಹತ್ತಿರ 29 ಡಿಗ್ರಿ. ಸ್ಕೇಲ್ (ಮೇಲ್ಮೈಯ ಆಕ್ಸೈಡ್) ಪದರ ಅದರ ಮೇಲೆ ಇನ್ನಷ್ಟು ಕಡಿಮೆ ತೋರಿಸುತ್ತದೆ. ತೆಳು ಸ್ಟ್ರಿಪ್‌ನಲ್ಲಿ ರೋಲ್ ಕಸಿಯುವ ಶಾಖದ ಪಾಲು ದೊಡ್ಡದು, ಹಾಗಾಗಿ ಎಚ್‌ಟಿಸಿ ಇಳಿಸಿ ಈ ಕೊರತೆ ತುಂಬಬಹುದು. 6 ಮಿ.ಮೀ.ನಲ್ಲಿ ಆ ಪಾಲೇ ಚಿಕ್ಕದು, ತುಂಬುವುದಿಲ್ಲ. ಲೆಕ್ಕವನ್ನು ರಫಿಂಗ್ (ಫಿನಿಶಿಂಗ್‌ಗೆ ಮುಂಚಿನ ಒರಟು ರೋಲಿಂಗ್) ಕೊನೆಯ ಪಾಸ್‌ನಿಂದಲೇ ಶುರುಮಾಡಿ, ಪ್ರೊಫೈಲ್ ತಾನಾಗಿಯೇ ಬರುತ್ತದೆ.

ಉತ್ತರ 2

ಮೇಲಿನದಕ್ಕೆ ಒಪ್ಪುತ್ತೇನೆ, ಆದರೆ ಗ್ರಿಡ್ ಕೂಡ ಅಷ್ಟೇ ತಪ್ಪಿತಸ್ಥ. ಮೊದಲ ಸ್ಟ್ಯಾಂಡ್‌ನಲ್ಲಿ ರೋಲ್ ತ್ರಿಜ್ಯ 350, ಇಳಿತ 10 ಮಿ.ಮೀ. ಎಂದರೆ ಸಂಪರ್ಕದ ಉದ್ದ ಸುಮಾರು 59 ಮಿ.ಮೀ., 2 ಮೀ./ಸೆ. ವೇಗದಲ್ಲಿ 30 ಮಿಲಿಸೆಕೆಂಡ್. ಅಷ್ಟರಲ್ಲಿ ಚಳಿ ಇಳಿಯುವುದು 0.4 ಮಿ.ಮೀ. ಆಸುಪಾಸಿಗೆ. ನಿಮ್ಮ ನೋಡ್ ಅಂತರ 1.75 ಮಿ.ಮೀ.! ಮೇಲ್ಮೈ ನೋಡ್ ಇರಬೇಕಾದಷ್ಟು ತಣ್ಣಗಾಗದೆ ಬಿಸಿಯಾಗಿಯೇ ಉಳಿದು ರೋಲ್‌ಗೆ ಹೆಚ್ಚು ಶಾಖ ಸುರಿಯುತ್ತದೆ. ಸ್ಟ್ರಿಪ್ ತೆಳುವಾದಂತೆ ಅಂತರ ತಾನೇ ಕುಗ್ಗುತ್ತದೆ: 2.5 ಮಿ.ಮೀ.ಗೆ 0.125, 6 ಮಿ.ಮೀ.ಗೆ 0.3. ದೋಷ ದಪ್ಪದ ಕಡೆ ಹೆಚ್ಚುವುದು ಅದಕ್ಕೇ.

ಮೇಲ್ಮೈಯಲ್ಲಿ 0.05 ಮಿ.ಮೀ. ಇಟ್ಟು ಒಳಕ್ಕೆ ಅಗಲಿಸುತ್ತಾ ಹೋಗಿ. ಎಕ್ಸ್‌ಪ್ಲಿಸಿಟ್ (ಹಿಂದಿನ ಹಂತದ ತಾಪದಿಂದಲೇ ಮುಂದಿನದನ್ನು ತೆಗೆಯುವ ವಿಧಾನ) ಆದರೆ ಕಾಲಹಂತ 0.2 ಮಿಲಿಸೆಕೆಂಡ್ ಮೀರುವಂತಿಲ್ಲ. ಪೂರ್ಣ ಇಂಪ್ಲಿಸಿಟ್‌ಗೆ (ಮುಂದಿನ ಹಂತದ ಎಲ್ಲ ತಾಪಗಳನ್ನು ಒಟ್ಟಿಗೆ ಬಿಡಿಸುವ ವಿಧಾನ) ಹೋಗಿ. ಇವೆರಡರ ಸರಾಸರಿಯಾದ ಕ್ರ್ಯಾಂಕ್-ನಿಕಲ್ಸನ್ ಬೇಡ, ದೊಡ್ಡ ಹಂತದಲ್ಲಿ ಬೈಟ್ (ರೋಲ್‌ಗಳು ಸ್ಟ್ರಿಪ್ ಹಿಡಿಯುವ ಜಾಗ) ಒಳಗೆ ಮೇಲ್ಮೈ ತಾಪ ತೂಗಾಡುತ್ತದೆ. ರೋಲ್ ಮೇಲ್ಮೈಯೂ ಆ ಕ್ಷಣ ಬಿಸಿಯಾಗುತ್ತದೆ, 70ಕ್ಕೆ ಕಟ್ಟಿಹಾಕಬೇಡಿ.

ಪ್ರಶ್ನೆ ಕೇಳಿದವರು

ಪ್ಲಾಸ್ಟಿಕ್ ಕೆಲಸದ ಶಾಖ (ಉಕ್ಕು ಒತ್ತಿ ಆಕಾರ ಬದಲಾಗುವಾಗ ಹುಟ್ಟುವುದು) ಪ್ರತಿ ಪಾಸ್‌ಗೆ 12 ಡಿಗ್ರಿ ಬರುತ್ತಿದೆ. ಸರಿಯೇ?

ಉತ್ತರ 1

ಉಕ್ಕಿನ ಪ್ರತಿರೋಧ 150 ಮೆಗಾಪಾಸ್ಕಲ್, ದಪ್ಪದ ಇಳಿತ 30 ಪ್ರತಿಶತ ಇದ್ದರೆ ಸರಿ. ಆದರೆ ಕೊನೆಯ ಸ್ಟ್ಯಾಂಡ್‌ಗಳಲ್ಲಿ ಆ ಪ್ರತಿರೋಧ ಹೆಚ್ಚು, ಎಲ್ಲಕ್ಕೂ ಒಂದೇ ಹಾಕಬೇಡಿ.

ಇನ್ನೊಂದು: ಕೊನೆಯಲ್ಲಿ ಸರಾಸರಿಯನ್ನಲ್ಲ, ಪೈರೋಮೀಟರ್ ಇರುವ ಜಾಗದ ಮೇಲ್ಮೈ ನೋಡ್ ಹೋಲಿಸಿ. 6 ಮಿ.ಮೀ. ಒಳಗೆ ಶಾಖ ಸಮವಾಗಲು ಸೆಕೆಂಡ್ ಹತ್ತಿರ ಬೇಕು. ಇದನ್ನು ಸರಿಪಡಿಸಿದರೆ ನಿಮ್ಮ 30 ಇನ್ನೂ ಬೆಳೆಯುತ್ತದೆ, ಗಾಬರಿ ಬೀಳಬೇಡಿ.

ಉತ್ತರ 3

ಸ್ಟ್ಯಾಂಡ್‌ಗಳ ನಡುವೆ ಪೈರೋಮೀಟರ್ ಇಲ್ಲದಿದ್ದರೂ ಲೋಡ್ ಸೆಲ್ (ರೋಲಿಂಗ್ ಬಲ ಅಳೆಯುವ ಉಪಕರಣ) ಇದೆಯಲ್ಲ. ಬಿಸಿಯಲ್ಲಿ ಈ ಉಕ್ಕಿನ ರೋಲಿಂಗ್ ಬಲ 10 ಡಿಗ್ರಿಗೆ ಸುಮಾರು 2 ಪ್ರತಿಶತ ಬದಲಾಗುತ್ತದೆ. ಲೆಕ್ಕದ ಬಲಕ್ಕೂ ಅಳೆದ ಬಲಕ್ಕೂ ಇರುವ ಅನುಪಾತವನ್ನು ಸ್ಟ್ಯಾಂಡ್‌ವಾರು ಗೀಚಿ. ಮೊದಲ ಸ್ಟ್ಯಾಂಡ್‌ನಿಂದಲೇ ಲೆಕ್ಕದ ಬಲ ಹೆಚ್ಚಿದ್ದರೆ ಆರಂಭಿಕ ತಾಪ ತಪ್ಪು. ಹೋಗುತ್ತಾ ಹೋಗುತ್ತಾ ಏರಿದರೆ ರೋಲ್ ಸಂಪರ್ಕ ಅಥವಾ ಸ್ಟ್ಯಾಂಡ್ ನಡುವಿನ ನೀರಿನ ಸ್ಪ್ರೇ ಕಾರಣ. ಸ್ಪ್ರೇ ಮುಚ್ಚಿದ ಕಾಯಿಲ್‌ಗಳನ್ನಷ್ಟೇ ಆಯ್ದು ಮೊದಲು ಹೊಂದಿಸಿ.