‘100% ಫಲಿತಾಂಶ’ ಫ್ಲೆಕ್ಸ್ ನೋಡಿ ಹೈಸ್ಕೂಲ್ ಆರಿಸಬಹುದಾ? (ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯವರು ಹೇಳಿ)

ನಾಲೆ ದಂಡೆ

ಸಿಂಧನೂರು ತಾಲೂಕಿನ ಹಳ್ಳಿ. ಹುಡುಗಿ 7ನೇ ತರಗತಿ, ಒಂದನೇ ತರಗತಿಯಿಂದ ಊರಿನ ಸರ್ಕಾರಿ ಶಾಲೆಯಲ್ಲೇ ಕನ್ನಡ ಮಾಧ್ಯಮ. ಎಂಟನೇ ತರಗತಿಗೆ ಎರಡು ದಾರಿ ಇವೆ. 4 ಕಿ.ಮೀ. ದೂರದ ಪಕ್ಕದ ಹಳ್ಳಿಯ ಸರ್ಕಾರಿ ಪ್ರೌಢಶಾಲೆ, ಇಲ್ಲವೇ ಪಟ್ಟಣದ ಖಾಸಗಿ ಇಂಗ್ಲಿಷ್ ಮಾಧ್ಯಮ. ಖಾಸಗಿಯವರ ಫ್ಲೆಕ್ಸ್‌ನಲ್ಲಿ ‘ಸತತ 3 ವರ್ಷ 100%’ ಅಂತಿದೆ. ಸರ್ಕಾರಿ ಶಾಲೆಯದು ಈ ಸಲ 71.

ಎರಡೇ ಪ್ರಶ್ನೆ. ಈ ಶೇಕಡಾವಾರು ಎಷ್ಟು ನಂಬಬೇಕು, ಶಾಲೆಗೆ ಹೋಗಿ ಯಾವ ಕಾಗದ ತೋರಿಸಿ ಅಂತ ಕೇಳಬೇಕು? ಎಸ್ಸೆಸ್ಸೆಲ್ಸಿ ಆದ ಮೇಲೆ ಮಕ್ಕಳು ಎಲ್ಲಿಗೆ ಹೋದರು ಅನ್ನೋ ಲೆಕ್ಕ ಯಾರ ಹತ್ತಿರ ಇರುತ್ತೆ?

---

ಹಾಜರಿ ಪಟ್ಟಿ

ಫ್ಲೆಕ್ಸ್‌ನಲ್ಲಿರುವುದು ಭಾಗಲಬ್ಧ ಮಾತ್ರ. ನೀವು ಕೇಳಬೇಕಾದ್ದು ಭಾಜಕ.

ಶಾಲೆ ತೋರಿಸುವ ಶೇಕಡಾವಾರು ಅಂದರೆ ಪಾಸಾದವರನ್ನು ಪರೀಕ್ಷೆಗೆ ಕೂತವರಿಂದ ಭಾಗಿಸಿದ್ದು. ಕೂರದವರು, ಕೂರಿಸದವರು ಅದರಲ್ಲಿ ಬರುವುದೇ ಇಲ್ಲ. ಆದ್ದರಿಂದ ಮೂರು ವರ್ಷ ಹಿಂದಕ್ಕೆ ಹೋಗಿ, ಅದೇ ಬ್ಯಾಚ್‌ನ 8ನೇ ತರಗತಿ ದಾಖಲಾತಿ ಎಷ್ಟಿತ್ತು ಕೇಳಿ. ದಾಖಲಾತಿ ವಹಿಯಲ್ಲೂ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲೂ ಇರುತ್ತದೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಸಂಖ್ಯೆ ಉದಾಹರಣೆಗೆ ಮಾತ್ರ. 8ನೇ ತರಗತಿಗೆ ಸೇರಿದವರು 118. ಪರೀಕ್ಷೆಗೆ ಕೂತವರು 90, ಪಾಸ್ 90. ಫ್ಲೆಕ್ಸ್‌ನಲ್ಲಿ 100. ಕಳೆದುಹೋದ 28 ಮಕ್ಕಳಲ್ಲಿ 11 ಮಂದಿ ಟಿ.ಸಿ. ತೆಗೆದುಕೊಂಡು ಬೇರೆ ಶಾಲೆ ಸೇರಿದ್ದಾರೆ ಅಂತಿಟ್ಟುಕೊಳ್ಳಿ. ಅವರನ್ನು ಬಿಟ್ಟರೂ 107ಕ್ಕೆ 90, ಅಂದರೆ ಶೇ 84. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ 11 ಟಿ.ಸಿ.ಗಳ ದಿನಾಂಕ ನೋಡಿ. 8 ಟಿ.ಸಿ. 9ನೇ ತರಗತಿ ವಾರ್ಷಿಕ ಪರೀಕ್ಷೆ ಮುಗಿದ ಹದಿನೈದು ದಿನದಲ್ಲೇ ಹೋಗಿದ್ದರೆ ಅದು ಅಪ್ಪನ ವರ್ಗಾವಣೆ ಅಲ್ಲ, ‘ನಿಮ್ಮ ಹುಡುಗ ಇಲ್ಲಿ ಏಗಲ್ಲ’ ಅಂತ ಹೇಳಿ ಕಳಿಸಿದ್ದು. ಅವರನ್ನು ಲೆಕ್ಕಕ್ಕೆ ವಾಪಸ್ ತಂದರೆ 115ಕ್ಕೆ 90, ಶೇ 78. ನಡುವೆ ಹೊಸದಾಗಿ ಸೇರಿದವರಿದ್ದರೆ ಅವರನ್ನು ಪಾಸಾದವರ ಲೆಕ್ಕದಿಂದ ತೆಗೆಯಿರಿ, 8ನೇ ತರಗತಿಯ ದಾಖಲಾತಿಯಲ್ಲಿ ಅವರು ಇರುವುದಿಲ್ಲ.

ಇನ್ನೊಂದು ಕೈಚಳಕ: ಹಿಂದುಳಿದವರನ್ನು ರೆಗ್ಯುಲರ್ ಆಗಿ ನೋಂದಾಯಿಸದೆ ಖಾಸಗಿ ಅಭ್ಯರ್ಥಿ ಅಂತ ಕಟ್ಟಿಸುವುದು. ಅವರ ಫಲಿತಾಂಶ ಶಾಲೆಯ ಲೆಕ್ಕಕ್ಕೆ ಸೇರದು.

ಯಾವ ಪರೀಕ್ಷೆಯ ಫಲಿತಾಂಶ ಅಂತಲೂ ಕೇಳಿ. 2024ರಲ್ಲಿ ಪೂರಕ ಪರೀಕ್ಷೆ ಹೋಗಿ ಪರೀಕ್ಷೆ-1, 2, 3 ಬಂದವು. ಒಬ್ಬರು ಪರೀಕ್ಷೆ-1ರದ್ದು ಹಾಕುತ್ತಾರೆ, ಇನ್ನೊಬ್ಬರು ಎಲ್ಲ ಪರೀಕ್ಷೆ ಮುಗಿದ ಮೇಲಿನದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಭತ್ತವನ್ನೂ ಅಕ್ಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಹಾಗೆ.

---

ಮಾರ್ಕ್ಸ್ ಕಾರ್ಡ್

ಮೇಲಿನದು ಸರಿ. ಆದರೆ ‘ಸತತ 3 ವರ್ಷ’ ಅನ್ನುವುದರಲ್ಲೂ ಕೊಕ್ಕೆ ಇದೆ. ವರ್ಷದಿಂದ ವರ್ಷಕ್ಕೆ ಅಳತೆಗೋಲೇ ಬದಲಾಗಿದೆ.

2021ರಲ್ಲಿ ಕೋವಿಡ್ ಕಾರಣ ಬಹುಆಯ್ಕೆ ಪ್ರಶ್ನೆ, ಹೆಚ್ಚುಕಡಿಮೆ ಎಲ್ಲರೂ ಪಾಸ್. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು, ಫಲಿತಾಂಶ ಜಾರಿತು. ಆ ವರ್ಷ ಕೃಪಾಂಕವನ್ನು ಶೇ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ ಬಂದದ್ದು 73.40. 2025ರಲ್ಲಿ ಆ ಕೃಪಾಂಕ ಇಲ್ಲ, ರೆಗ್ಯುಲರ್ ಮಕ್ಕಳದು 66.14. 2025–26ರಿಂದ ಪಾಸ್ ಗೆರೆಯೇ 625ಕ್ಕೆ 219 ಇದ್ದದ್ದು 206ಕ್ಕೆ ಇಳಿದಿದೆ. ಹಾಗಾಗಿ ಶಾಲೆಯ ಹಿಂದಿನ ವರ್ಷದ ಜೊತೆ ಹೋಲಿಸಬೇಡಿ, ಅದೇ ವರ್ಷದ ತಾಲೂಕಿನ ಸರಾಸರಿ ಜೊತೆ ಹೋಲಿಸಿ. ಅದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಸಿಗುತ್ತದೆ.

(ಬಳ್ಳಾರಿಯವರಿಗೆ ಒಂದು ಮಾತು: 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಗಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲ ಆ ಕಡೆ ಹೋದವು. ಹಳೆಯ ಬಳ್ಳಾರಿ ಜಿಲ್ಲೆಯ ಅಂಕಿ ಹಿಡಿದು ಈಗಿನದಕ್ಕೆ ಹೋಲಿಸಿದರೆ ತಪ್ಪುತ್ತದೆ.)

ಪಾಸ್ ಪ್ರಮಾಣಕ್ಕಿಂತ ಮುಖ್ಯವಾದದ್ದು ಗಣಿತ, ವಿಜ್ಞಾನ, ಇಂಗ್ಲಿಷಿನ ಲಿಖಿತ ಅಂಕ. ಪ್ರಥಮ ಭಾಷೆಗೆ 125ರಲ್ಲಿ 25, ಉಳಿದ ಐದಕ್ಕೆ 100ರಲ್ಲಿ 20 ಆಂತರಿಕ ಅಂಕ. ಅದನ್ನು ಶಾಲೆಯೇ ಕೊಡುತ್ತದೆ. ಎಲ್ಲರಿಗೂ 19, 20 ಬಿದ್ದಿದ್ದರೆ ಅದರಿಂದ ಏನೂ ತಿಳಿಯದು. ಹೆಸರು ಮುಚ್ಚಿ, ಇಡೀ ತರಗತಿಯ ಗಣಿತದ ಕಾಲಂ ಮಾತ್ರ ತೋರಿಸಿ ಅನ್ನಿ. 80ಕ್ಕೆ 28, 29, 30 ಇವೇ ಸಾಲುಗಟ್ಟಿದ್ದರೆ ಅಲ್ಲಿ ನಡೆದದ್ದು ‘ಪಾಸಿಂಗ್ ಪ್ಯಾಕೇಜ್’ ಪಾಠ: ನಕ್ಷೆ, ರಚನೆ, ಒಂದೆರಡು ಪ್ರಮೇಯ ಬಾಯಿಪಾಠ. ಪಾಸಾಗಲು ಅಷ್ಟು ಸಾಕು, ಪಿಯು ವಿಜ್ಞಾನಕ್ಕೆ ಸಾಲದು. 438 ದಾಟಿದವರು, ಅಂದರೆ ಬಿ ಪ್ಲಸ್ ಮತ್ತು ಮೇಲಿನವರು, ತರಗತಿಯಲ್ಲಿ ಎಷ್ಟು ಪಾಲು ಅಂತ ಎಣಿಸಿ. ಒಬ್ಬಳು 620 ತೆಗೆದ ಫೋಟೊ ನೋಡಿ ಮರುಳಾಗಬೇಡಿ. ಆ ಮಗು ಯಾವ ಶಾಲೆಯಲ್ಲಿದ್ದರೂ ತೆಗೆಯುತ್ತಿತ್ತು.

---

ನಾಲೆ ದಂಡೆ

ಇಷ್ಟು ಸಾಕು ಮೊದಲ ಪ್ರಶ್ನೆಗೆ. ಎರಡನೆಯದು? ಪಟ್ಟಣದ ಶಾಲೆಯಲ್ಲಿ ಕೇಳಿದರೆ ‘ಎಲ್ಲಾ ಮಕ್ಕಳೂ ಸೈನ್ಸ್’ ಅಂತಾರೆ.

---

ಮಸ್ಕಿ ಬಸ್‌ಸ್ಟ್ಯಾಂಡ್

ಎಲ್ಲಾರೂ ಸೈನ್ಸ್ ಅಂದ್ರ ಅದು ಜೂನ್ ತಿಂಗಳ ಮಾತು ರೀ. ಆಗಸ್ಟ್‌ನ್ಯಾಗ ಕೇಳ್ರಿ.

ಎಸ್ಸೆಸ್ಸೆಲ್ಸಿ ಆದ ಮ್ಯಾಲೆ ಮಕ್ಕಳು ಎಲ್ಲಿ ಹೋದ್ರು ಅನ್ನೂದನ್ನ ಹೈಸ್ಕೂಲಿನವರು ಇಡಲೇಬೇಕು ಅಂತ ಯಾರೂ ಗಂಟು ಬಿದ್ದಿಲ್ಲ, ಹಿಂಗಾಗಿ ಇಡೂದಿಲ್ಲ. ಖರೇ ಲೆಕ್ಕ ಬೇಕಂದ್ರ ಟಿ.ಸಿ. ವಹಿ ಹಿಡೀರಿ. ಮಾರ್ಕ್ಸ್ ಕಾರ್ಡ್, ಟಿ.ಸಿ. ಒಯ್ದಾಂವ ಎಲ್ಯರೆ ಸೇರಿರ್ತಾನ. ಸೆಪ್ಟೆಂಬರ್ ಬಂದ್ರೂ ಟಿ.ಸಿ. ಶಾಲಿ ಕಪಾಟಿನ್ಯಾಗ ಉಳದ್ರ ಆ ಹುಡುಗ ಓದು ಬಿಟ್ಟಾನ ಅಂತ ತಿಳೀರಿ. ಹೋದ ವರ್ಷದ್ದು ಎಷ್ಟು ಟಿ.ಸಿ. ಉಳದಾವ ಅಂತ ಒಂದ ಪ್ರಶ್ನೆ ಕೇಳ್ರಿ, ಹೆಡ್‌ಮಾಸ್ಟರ್ ಒಳ್ಳೇರಿದ್ರ ಕಪಾಟ ತಗದು ತೋರಸ್ತಾರ.

ಫೇಲಾದವ್ರನ್ನ ಪರೀಕ್ಷೆ-2ಕ್ಕ ಯಾರು ಕಟ್ಟಿಸಿದ್ರು ಅದನ್ನೂ ನೋಡ್ರಿ. 2025ರಾಗ ಫಲಿತಾಂಶ ಬಂದದ್ದು ಮೇ 2ಕ್ಕ, ಪರೀಕ್ಷೆ-2 ಅದೇ ತಿಂಗಳ ಕೊನಿಗೆ. ಮೂರು ವಾರ ಅಷ್ಟ. ಆ ಟೈಮಿನ್ಯಾಗ ನಮ್ಮ ಕಡೆ ಬಿಸಲು, ಶಾಲಿಗೆ ಸೂಟಿ, ಮನಿ ಮಂದಿ ಬೆಂಗಳೂರಿಗೆ ದುಡ್ಯಾಕ ಹೊಂಟಿರ್ತಾರ. ಹುಡುಗನೂ ಜೊತಿಗೆ ಹೋದ್ರ ವಾಪಸ್ ಬರೂದು ಕಷ್ಟ. ಬಳ್ಳಾರಿ ಪ್ಯಾಟಿ ಕಡೆ ಆದ್ರ ಜೀನ್ಸ್ ಹೊಲಿಗಿಗೆ ಕುಂದರ್ತಾವು. ಫಲಿತಾಂಶದ ಮರುದಿನಾನ ಮೇಷ್ಟ್ರು ಫೋನ್ ಹಚ್ಚಿ ಅರ್ಜಿ ಹಾಕಿಸೋ ಶಾಲಿ 71 ತಗದ್ರೂ ಚೊಲೋ ಶಾಲಿ.

ಪಿಯು ಒಂದ ದಾರಿ ಅಲ್ಲ. ಡಿಪ್ಲೊಮಾ 3 ವರ್ಷ, ಆಮ್ಯಾಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರದ್ರ ಇಂಜಿನಿಯರಿಂಗ್ ಎರಡನೇ ವರ್ಷಕ್ಕ ನೇರ. ಐಟಿಐ ಎಲೆಕ್ಟ್ರಿಷಿಯನ್, ಫಿಟ್ಟರ್ 2 ವರ್ಷ, ವೆಲ್ಡರ್ 1 ವರ್ಷ. ತೋರಣಗಲ್ಲು, ಶಕ್ತಿನಗರ, ಹಟ್ಟಿ ಕಡೆ ಅಪ್ರೆಂಟಿಸ್ ಕೇಳಾಕ ಐಟಿಐನ ಬೇಕು. 350 ಮಾರ್ಕಿನ ಹುಡುಗನ್ನ ಸೈನ್ಸಿಗೆ ನೂಕಿ ಎರಡು ವರ್ಷ ಕಳಿಯೂದಕ್ಕಿಂತ ಫಿಟ್ಟರ್ ವಾಸಿ. ಶಾಲಿ ಕೊಡೋ ಪಟ್ಟಿಯೊಳಗ ಐಟಿಐ, ಡಿಪ್ಲೊಮಾ ಸೊನ್ನಿ ಇದ್ರ ಅಲ್ಲಿ ಮಕ್ಕಳಿಗೆ ಯಾರೂ ದಾರಿ ಹೇಳಿಲ್ಲ ಅಂತ ಅರ್ಥ.

---

ಮಾರ್ಕ್ಸ್ ಕಾರ್ಡ್

ಒಪ್ಪಿದೆ. ಆದರೆ ಪಿಯು ಸೇರಿದ್ದಕ್ಕೇ ಲೆಕ್ಕ ನಿಲ್ಲಿಸಬೇಡಿ. ಪಿಯು ವಿಜ್ಞಾನ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ವಿಜ್ಞಾನಕ್ಕೆ 90 ತೆಗೆದವರೂ ಮೊದಲ ಕಿರುಪರೀಕ್ಷೆಯಲ್ಲಿ ‘ವೇಗೋತ್ಕರ್ಷ’ ಗೊತ್ತು, ‘ಆಕ್ಸಲರೇಷನ್’ ಗೊತ್ತಿಲ್ಲ ಅಂತ ಕೂರುತ್ತಾರೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಪಿಯು ಶುರುವಾಗುವ ತನಕ, ಭೌತ, ರಸಾಯನ, ಜೀವ, ಗಣಿತ ಒಂದೊಂದಕ್ಕೆ ನೂರೈವತ್ತು ಪದ ಎರಡೂ ಭಾಷೆಯಲ್ಲಿ ಬರೆಸಿದರೆ ಈ ತೊಡಕಿನ ಅರ್ಧ ಭಾರ ಇಳಿಯುತ್ತದೆ. ಎರಡು ವರ್ಷದ ಹಿಂದಿನ ಬ್ಯಾಚ್‌ನವರಲ್ಲಿ ದ್ವಿತೀಯ ಪಿಯು ದಾಟಿದವರು ಎಷ್ಟು ಅಂತ ಕೇಳಿ. ಅದಕ್ಕೆ ಉತ್ತರ ಇಟ್ಟುಕೊಂಡ ಶಾಲೆ ಅಪರೂಪ.

---

ಎಸಿ ಕಚೇರಿ ಸರದಿ

ಯಾರೂ ಹೇಳದ ಒಂದು ವಿಷಯ, ಮತ್ತು ನಿಮ್ಮ ಪ್ರಶ್ನೆಗೆ ಇದೇ ದೊಡ್ಡದು. ಎಂಟನೇ ತರಗತಿಗೆ ಪಟ್ಟಣಕ್ಕೆ ಹೋದರೆ ಹುಡುಗಿಯ ಎರಡು ಮೀಸಲಾತಿ ಒಟ್ಟಿಗೆ ಹೋಗುತ್ತವೆ.

ಇಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸ್‌ಗಳ ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಶೇ 15, ಕನ್ನಡ ಮಾಧ್ಯಮ ಶೇ 5. ಗ್ರಾಮೀಣಕ್ಕೆ 1ರಿಂದ 10ರ ತನಕ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು, ಕನ್ನಡ ಮಾಧ್ಯಮಕ್ಕೆ ಹತ್ತೂ ವರ್ಷ ಕನ್ನಡದಲ್ಲೇ. ಏಳು ವರ್ಷ ಆಗಿದೆ, ಮೂರು ವರ್ಷ ಬಾಕಿ. ಒಂದು ವರ್ಷ ತಪ್ಪಿದರೂ ಇಲ್ಲ. ನಗರಸಭೆ, ಪುರಸಭೆ ಅಷ್ಟೇ ಅಲ್ಲ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯೂ ಗ್ರಾಮೀಣ ಅಲ್ಲ. ಮನೆ ಹಳ್ಳಿಯಲ್ಲಿದೆ, ದಿನಾ ಬಸ್ಸಿಗೆ ಓಡಾಡುತ್ತಾಳೆ ಅಂದರೆ ನಡೆಯದು; ಶಾಲೆ ಎಲ್ಲಿದೆ ಅನ್ನುವುದೇ ಲೆಕ್ಕ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಎರಡೂ ಬೇಕು. ಪ್ರಾಥಮಿಕ ಶಾಲೆಯದ್ದನ್ನು ಏಳನೇ ತರಗತಿ ಮುಗಿದಾಗಲೇ ಮಾಡಿಸಿಟ್ಟುಕೊಳ್ಳಿ.

ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದರಿಂದ ಬೇರೆ. ಅದು ಹೋಗುವುದಿಲ್ಲ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ಹೊರಗಡೆ ಶೇ 8 ಸೀಟು ನಮ್ಮ ಭಾಗದವರಿಗೆ. ಅರ್ಹತಾ ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ಸಿಂಧನೂರಿನವರಿಗೆ ಲಿಂಗಸುಗೂರು ಉಪವಿಭಾಗ. ತಹಶೀಲ್ದಾರರ ವಾಸಸ್ಥಳ ಪತ್ರ ಇದಕ್ಕೆ ಆಗುವುದಿಲ್ಲ, ಪ್ರತಿ ವರ್ಷ ಅದನ್ನೇ ಹಿಡಿದು ಬರುವವರಿದ್ದಾರೆ. ಹೆಸರಿನ ಇನಿಶಿಯಲ್ ಆಧಾರ್‌ನಲ್ಲಿ ಹಿಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ ಇದ್ದರೂ ಅರ್ಜಿ ತಗಲಿಕೊಳ್ಳುತ್ತದೆ. ಒಂಬತ್ತನೇ ತರಗತಿಯಲ್ಲಿ ನೋಂದಣಿಗೆ ಮುಂಚೆಯೇ ಹೊಂದಿಸಿ, ಆಮೇಲೆ ತಿದ್ದುಪಡಿಗೆ ಬೆಂಗಳೂರಿನ ತನಕ ಕಾಗದ ಓಡಬೇಕು.

---

ಹಾಜರಿ ಪಟ್ಟಿ

ಹಾಗಾದರೆ ಆ 71ರ ಶಾಲೆಯನ್ನೇ ಮೊದಲು ಜಾಲಾಡಿ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರಾ, ಅತಿಥಿ ಶಿಕ್ಷಕರಾ? ಅತಿಥಿಯಾದರೆ ಹೋದ ವರ್ಷ ಯಾವ ತಿಂಗಳು ಬಂದರು? ಆಗಸ್ಟ್‌ಗೆ ಬಂದಿದ್ದರೆ ಎರಡು ತಿಂಗಳ ಗಣಿತ ಹೋಗಿದೆ ಅಂತ. ಫೇಲಾದ ಶೇ 29ರಲ್ಲಿ ಒಂದೇ ವಿಷಯಕ್ಕೆ ಬಿದ್ದವರು ಎಷ್ಟು, ಮೂರಕ್ಕೆ ಬಿದ್ದವರು ಎಷ್ಟು ನೋಡಿ. ಹೆಚ್ಚಿನವರು ಗಣಿತ ಒಂದಕ್ಕೇ ಬಿದ್ದಿದ್ದರೆ ಅದು ಖಾಲಿ ಹುದ್ದೆಯ ಫಲ, ಮನೆಯಲ್ಲಿ ಗಣಿತಕ್ಕೆ ಬೇರೆ ವ್ಯವಸ್ಥೆ ಮಾಡಿದರೆ ಸಾಕು. ಮೂರು ವಿಷಯಕ್ಕೆ ಬಿದ್ದವರೇ ತುಂಬಿದ್ದರೆ ಹಾಜರಿ ತೆಗೆಸಿ: ನವೆಂಬರ್, ಡಿಸೆಂಬರ್‌ನಲ್ಲಿ ಹತ್ತಿ ಬಿಡಿಸುವಾಗ, ಭತ್ತದ ಕೊಯ್ಲಿನಲ್ಲಿ ಎಷ್ಟು ಮಂದಿ ಗೈರು? ಆ ಗೈರಿನಲ್ಲಿ ನಿಮ್ಮ ಹುಡುಗಿ ಇರುವುದಿಲ್ಲ ಅಂದರೆ ಆ 71 ಅವಳ ಲೆಕ್ಕ ಅಲ್ಲ.

4 ಕಿ.ಮೀ.ಗೆ ಸಂಜೆ ಬಸ್ ಎಷ್ಟಕ್ಕೆ ಅಂತ ಕೇಳಿದ್ದೀರಾ? ಹತ್ತನೇ ತರಗತಿಗೆ ವಿಶೇಷ ತರಗತಿ ಬಿಡುವುದು ಸಂಜೆ ಐದೂವರೆ, ಆರಕ್ಕೆ. ಟಿಕೆಟ್ ಉಚಿತವಾದರೂ ಆ ಹೊತ್ತಿಗೆ ಬಸ್ಸೇ ಇಲ್ಲದ ಊರುಗಳಿವೆ. ಇಲ್ಲದಿದ್ದರೆ ಶಾಲೆಯಿಂದ ಪತ್ರ ತೆಗೆದುಕೊಂಡು ಡಿಪೊ ವ್ಯವಸ್ಥಾಪಕರಿಗೆ ಜೂನ್‌ನಲ್ಲೇ ಕೊಡಿ.