ಕುಟ್‌ನಲ್ಲಿ ಸೆರೆಸಿಕ್ಕ ಪೂನಾ ಡಿವಿಜನ್: ನಮ್ಮವರಿಗೆ ಏನಾಯ್ತು?

ಕೋಟೆಕೆರೆ ಕೇಳಿದ್ದು:
ಅಜ್ಜಿಯ ತವರು ಖಾನಾಪುರದ ಕಡೆ. ಅವರ ದೊಡ್ಡಪ್ಪ ಮೊದಲ ಮಹಾಯುದ್ಧದಲ್ಲಿ 117ನೇ ಮರಾಠಾ ಪಲ್ಟನ್‌ನಲ್ಲಿದ್ದರು. ‘ಬಸ್ರಾಕ್ಕೆ ಹೋದವರು ತಿರುಗಿ ಬರಲಿಲ್ಲ’ ಅನ್ನೋದು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಟ್ರಂಕಿನಲ್ಲಿ ಒಂದು ಪದಕ ಇದೆ. ಆ ಪಲ್ಟನ್ ಬ್ರಿಟಿಷರ 6ನೇ ಪೂನಾ ಡಿವಿಜನ್‌ಗೆ (ಹಲವು ಪಲ್ಟನ್‌ಗಳ ದೊಡ್ಡ ಪಡೆ) ಸೇರಿತ್ತಂತೆ. ತಿಳಿದವರು ಹೇಳ್ತೀರಾ?

ಹಳೇ ನಕಾಶೆ:
ನಿಜ, 117ನೆಯದು ಆ ಡಿವಿಜನ್‌ನ 16ನೇ ಬ್ರಿಗೇಡ್‌ನಲ್ಲಿತ್ತು. 103 ಮತ್ತು 110ನೇ ಮರಾಠಾ ಪಲ್ಟನ್‌ಗಳೂ ಅದೇ ಡಿವಿಜನ್‌ನವು.

1914ರ ನವೆಂಬರ್‌ನಲ್ಲಿ ಬ್ರಿಟಿಷರು ತುರ್ಕರ ಕೈಯಲ್ಲಿದ್ದ ಬಸ್ರಾ (ಇಂದಿನ ಇರಾಕ್‌ನಲ್ಲಿದೆ) ಹಿಡಿದರು. ಎಣ್ಣೆಯ ಪೈಪ್‌ಲೈನ್ ಕಾಯಲು ಅಷ್ಟು ಸಾಕಿತ್ತು. ಆದರೆ ಜನರಲ್ ಟೌನ್ಶೆಂಡ್ ಕೈಯಲ್ಲಿ ಡಿವಿಜನ್ ಗೆಲ್ಲುತ್ತಾ ಹೋಯಿತು, ಮೇಲಿನವರಿಗೆ ಬಾಗ್ದಾದ್ ಆಸೆ ಹುಟ್ಟಿತು. ರೈಲಿಲ್ಲ, ಒಳ್ಳೆ ರಸ್ತೆಯಿಲ್ಲ. ಅನ್ನ, ಗುಂಡು, ಗಾಯಾಳು ಎಲ್ಲವೂ ಟೈಗ್ರಿಸ್ ನದಿಯ ಸ್ಟೀಮರ್‌ಗಳಲ್ಲೇ ಸಾಗಬೇಕು. ಸ್ಟೀಮರ್‌ಗಳೋ ಸಾಲುತ್ತಿರಲಿಲ್ಲ. ಸಿಪಾಯಿಗಳ ಧೈರ್ಯದಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ಅವರನ್ನು ಕೆಡಿಸಿದ್ದು ಈ ಲೆಕ್ಕಾಚಾರವೇ.

1915ರ ನವೆಂಬರ್‌ನಲ್ಲಿ ಬಾಗ್ದಾದ್ ಹತ್ತಿರದ ಟೆಸಿಫೋನ್ ಬಳಿ ಪೆಟ್ಟು ತಿಂದು, ಟೈಗ್ರಿಸ್ ದಂಡೆಯ ಕುಟ್ ಊರಿಗೆ ಹಿಂದೆ ಸರಿದರು. ತುರ್ಕರು ಸುತ್ತುವರಿದರು. 147 ದಿನ ಮುತ್ತಿಗೆ. ಬಿಡಿಸಲು ಬಂದ ಸೈನ್ಯದಲ್ಲೇ ಸುಮಾರು 23,000 ಮಂದಿ ಸತ್ತರು ಅಥವಾ ಗಾಯಗೊಂಡರು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಅವರಲ್ಲಿ ಹೆಚ್ಚಿನವರು ಭಾರತೀಯರು.

ತುಂಗೆ ತೀರ:
ಮುತ್ತಿಗೆಯಲ್ಲಿ ಅನ್ನ ಸಾಲದಾದಾಗಲೂ ಕುದುರೆ ಮಾಂಸ ತಿನ್ನಲು ನಮ್ಮವರು ಒಪ್ಪಲಿಲ್ಲ ಅಂತ ಕೇಳಿದ್ದೇನೆ. ಹೌದಾ?

ಹಳೇ ನಕಾಶೆ:
ಹೌದು. ಹಿಂದೂ, ಮುಸ್ಲಿಂ ಇಬ್ಬರೂ ತುಂಬಾ ದಿನ ಮುಟ್ಟಲಿಲ್ಲ. ತಿನ್ನಬಹುದು ಅಂತ ಭಾರತದಿಂದ ಧರ್ಮಗುರುಗಳ ಸಂದೇಶ ತರಿಸಿದರು. ಆದರೂ ಜಾತಿ ಕೆಡುತ್ತೆ, ವಾಪಸ್ ಹೋದಮೇಲೆ ಮಗಳಿಗೆ ಸಂಬಂಧ ಸಿಗಲ್ಲ ಅನ್ನೋ ಭಯ. ಇದನ್ನು ಮೊಂಡುತನ ಅನ್ನೋರನ್ನು ಕಂಡರೆ ನನಗೆ ಬೇಜಾರಾಗುತ್ತೆ. ಊರಿಗೆ ಹೋಗಿ ಬಾಳಬೇಕಾದವರು ಅವರು ತಾನೇ? ಮಾಂಸವಿಲ್ಲ, ತರಕಾರಿಯಿಲ್ಲ, ಒಸಡಿನಲ್ಲಿ ರಕ್ತ ಬರುವ ಸ್ಕರ್ವಿ ಹಬ್ಬಿತು. ಇದ್ದ ಧಾನ್ಯ ಬೀಸಲು ಬೀಸುಕಲ್ಲನ್ನೇ ವಿಮಾನದಿಂದ ಕೆಳಗೆ ಹಾಕಿದ್ದರು! ಏಪ್ರಿಲ್ ಹೊತ್ತಿಗೆ ಬಹಳ ಜನ ತಿನ್ನಲೇಬೇಕಾಯಿತು.

ಶರಣಾದ ಮೇಲಿನದು ಇನ್ನೂ ಕಷ್ಟ. ಟೌನ್ಶೆಂಡ್ ಇಸ್ತಾಂಬುಲ್ ಹತ್ತಿರದ ದ್ವೀಪದಲ್ಲಿ ಸುಖವಾಗಿದ್ದರು. ಸಿಪಾಯಿಗಳನ್ನು ತುರ್ಕರು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ಎಷ್ಟೋ ಜನರನ್ನು ಇಂದಿನ ಸಿರಿಯಾದ ರಾಸ್ ಅಲ್ ಐನ್‌ನಲ್ಲಿ ರೈಲು ಹಳಿ ಕೆಲಸಕ್ಕೆ ಹಾಕಿದರು. ಸಾವಿರಾರು ಜನ ದಾರಿಯಲ್ಲಿ, ಕ್ಯಾಂಪುಗಳಲ್ಲಿ ಸತ್ತರು.

ಕೋಟೆಕೆರೆ:
ಓದಿ ಮನಸ್ಸು ಭಾರವಾಯ್ತು ಸರ್. ಬಸ್ರಾದ ಸ್ಮಾರಕದಲ್ಲಿ ಅವರ ಹೆಸರು ಇರಬಹುದಾ?

ಹಳೇ ನಕಾಶೆ:
ಕಲ್ಲಿನ ಮೇಲೆ ಹುಡುಕಬೇಡಿ. ಅಲ್ಲಿ ಅಧಿಕಾರಿಗಳ ಹೆಸರು ಕೆತ್ತಿದ್ದಾರೆ. ಭಾರತೀಯ ಜವಾನರು ಪಲ್ಟನ್ ಹೆಸರಿನ ಕೆಳಗೆ ಬರೀ ಸಂಖ್ಯೆ. ಇದು ಅನ್ಯಾಯ, ಇಷ್ಟು ವರ್ಷವಾದರೂ ಹಾಗೆ ಹೇಳಲೇಬೇಕು. 117ನೆಯದಕ್ಕೆ ಆಮೇಲೆ ‘ರಾಯಲ್’ ಬಿರುದು ಕೊಟ್ಟರು.

ಟ್ರಂಕಿನ ಪದಕವನ್ನು ಬೆಳಕಿಗೆ ಹಿಡಿದು ಅಂಚು ನೋಡಿ. ಸುತ್ತಲೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ನಂಬರ್, ಹೆಸರು, ಪಲ್ಟನ್ ಒತ್ತಿರುತ್ತಾರೆ. ಪಾಲಿಶ್ ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತೆ. ಆ ನಂಬರ್ ಇಲ್ಲಿ ಹಾಕಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಇಬ್ಬರೂ ಸೇರಿ ಹುಡುಕೋಣ.