ದೊಡ್ಡಪ್ಪನ ಎಚ್‌ಎಂಟಿ ಪೈಲಟ್ ಫಾಸ್ಟ್ ಓಡ್ತಿದೆ, ಡಯಲ್ ಮೇಲೂ ಡೌಟು

ಮಲೆನಾಡ್_ಮಾಣಿ:
ಎಲ್ರಿಗೂ ನಮಸ್ಕಾರ. ದೊಡ್ಡಪ್ಪ ಅವ್ರ ಹಳೇ ಪೈಲಟ್ ವಾಚು ನಂಗೆ ಕೊಟ್ಟಿದಾರೆ, ಕಪ್ಪು ಡಯಲ್ಲು ಬಿಳಿ ಅಂಕಿ, ವರ್ಷಗಟ್ಲೆ ಬೀರುಲಿ ಬಿದ್ದಿದ್ದು ಕೀ ಕೊಟ್ಟ ತಕ್ಷಣ ಓಡೋಕೆ ಶುರು ಆಗ್ಬಿಡ್ತು. ಮೊದ್ಲು ಟೈಮ್ ಸರಿ ತೋರಿಸ್ತಿತ್ತು, ಈಗ ದಿನಕ್ಕೆ ಹತ್ತು ನಿಮಿಷ ಮುಂದೆ ಹೋಗ್ತಿದೆ. ಇನ್ನೊಂದು, ಕೇಸ್ ತುಂಬ ಗೀರು, ಡಯಲ್ ಮಾತ್ರ ಫಳಫಳ ಅಂತಿದೆ. ಒರಿಜಿನಲ್ಲಾ ಇದು? ದಿನಾ ಆಫೀಸಿಗೆ ಕಟ್ಕೊಂಡು ಹೋಗ್ಬೋದಾ?

ಕೀ_ಕೊಡೋನು:
ಸರಿ ಇದ್ದಿದ್ದು ಇದ್ದಕ್ಕಿದ್ದಂಗೆ ಇಷ್ಟು ಫಾಸ್ಟ್ ಅಂದ್ರೆ ಮೊದ್ಲು ಮ್ಯಾಗ್ನೆಟ್ ಮೇಲೆ ಡೌಟ್ ಪಡಿ. ಒಳಗಿರೋ ಹೇರ್‌ಸ್ಪ್ರಿಂಗ್ ಕೂದಲೆಳೆ ಥರ ಇರತ್ತೆ, ಮ್ಯಾಗ್ನೆಟ್ ಹಿಡಿದ್ರೆ ಸುತ್ತುಗಳು ಒಂದಕ್ಕೊಂದು ಅಂಟ್ಕೊಂಡು ಸ್ಪ್ರಿಂಗ್ ಗಿಡ್ಡ ಆದಂಗೆ ಆಗತ್ತೆ, ವಾಚಿನ ವೇಗ ನಿರ್ಧರಿಸೋ ಬ್ಯಾಲೆನ್ಸ್ ಚಕ್ರ ಗಡಿಬಿಡೀಲಿ ಆಡತ್ತೆ. ರಾತ್ರಿ ಎಲ್ಲಿ ಬಿಚ್ಚಿಡ್ತೀರಾ? ಒಂದು ದಿಕ್ಸೂಚಿ ತಂದು ವಾಚ್ ಹತ್ರ ಹಿಡೀರಿ, ಮುಳ್ಳು ಅಲ್ಲಾಡಿದ್ರೆ ಅದೇ. ರಿಪೇರಿಯವ್ರ ಹತ್ರ ಮ್ಯಾಗ್ನೆಟ್ ಗುಣ ತೆಗೆಯೋ ಡಿಮ್ಯಾಗ್ನೆಟೈಸರ್ ಇರತ್ತೆ, ಒಂದು ನಿಮಿಷದ ಕೆಲಸ.

ಜಾಲಹಳ್ಳಿ_ಕ್ರಾಸ್:
ಡಯಲ್ ಬಗ್ಗೆ: ಭೂತಗನ್ನಡಿ ಹಿಡಿದು ಅಕ್ಷರ ನೋಡಿ. 17 ಜ್ಯುವೆಲ್ಸ್, ಪ್ಯಾರಾಶಾಕ್ ಅಂತ ಇರೋ ಸಣ್ಣ ಅಕ್ಷರ ದಪ್ಪಗೆ ಹರಡ್ಕೊಂಡಂಗಿದ್ರೆ, ನಿಮಿಷದ ಗೆರೆಗಳು ಸೊಟ್ಟ ಇದ್ರೆ ರೀಪೇಂಟು. ಆನ್‌ಲೈನಲ್ಲಿ ಕೆಂಪು, ಹಸಿರು, ನೀಲಿ ಅಂತ ಬಣ್ಣ ಬಣ್ಣದ "ಪೈಲಟ್" ಮಾರ್ತಾರಲ್ಲ, ಬಹುಪಾಲು ಇದೇ ಕಥೆ. ಹಿಂದಿನ ಮುಚ್ಚಳ ತೆಗೆಸಿದಾಗ ಮಿಷಿನ್ ಮೇಲಿನ ನಂಬರ್ ಫೋಟೋ ಹೊಡ್ಕೊಳ್ಳಿ, ಕೀ ಕೊಡೋ ಎಚ್‌ಎಂಟಿಗಳಲ್ಲಿ ಜಾಸ್ತಿ ಕಾಣೋದು 0231.

ತುಮಕೂರ್_ತಾತ:
ರೀಪೇಂಟ್ ಆದ್ರೇನಪ್ಪ, ನಿಮ್ಮ ದೊಡ್ಡಪ್ಪನೇ ಮಾಡಿಸಿರ್ಬೋದು, ಆಗೆಲ್ಲ ಡಯಲ್ ಮಾಸಿದ್ರೆ ಹೊಸದಾಗಿ ಬಳಿಸ್ಕೊಳ್ತಿದ್ರು. ಮಾರೋನು ಸುಳ್ಳು ಹೇಳಿ ಜಾಸ್ತಿ ಕಾಸು ಕಿತ್ರೆ ಮೋಸ, ಮನೇಲೇ ಇದ್ದ ವಾಚಿಗೆ ಆ ಲೆಕ್ಕ ಯಾಕೆ. ಎಚ್‌ಎಂಟಿಯವ್ರು ವಾಚ್ ಮಾಡೋದನ್ನ 1961ರಲ್ಲಿ ಜಪಾನಿನ ಸಿಟಿಜನ್‌ನವ್ರ ಜೊತೆ ಸೇರಿ ಬೆಂಗಳೂರಲ್ಲಿ ಶುರು ಮಾಡಿದ್ದು, 2016ರಲ್ಲಿ ವಾಚ್ ಕಂಪನಿ ಮುಚ್ಚೋಕೆ ಕೇಂದ್ರ ಒಪ್ತು, ನಮ್ಮೂರಿನ ಫ್ಯಾಕ್ಟರಿ ಜಾಗ ಈಗ ಇಸ್ರೋದು. ಇತಿಹಾಸದ ಹುಚ್ಚಿದ್ರೆ ಬೆಂಗಳೂರಿನ ಜಾಲಹಳ್ಳೀಲಿರೋ ಎಚ್‌ಎಂಟಿ ಮ್ಯೂಸಿಯಂಗೆ ಹೋಗಿ, ಒಂದು ಮಧ್ಯಾಹ್ನ ಸಾಲಲ್ಲ.

ಮಲೆನಾಡ್_ಮಾಣಿ:
@ಕೀ_ಕೊಡೋನು ಅಣ್ಣ, ಮಗಳ ಜಾಮೆಟ್ರಿ ಬಾಕ್ಸಲ್ಲಿದ್ದ ದಿಕ್ಸೂಚಿ ಹಿಡಿದೆ, ಮುಳ್ಳು ಕುಣೀತು! ರಾತ್ರಿ ಬ್ಲೂಟೂತ್ ಸ್ಪೀಕರ್ ಮೇಲೇ ಇಡ್ತಿದ್ದೆ. ಅಕ್ಷರಾನೂ ದಪ್ಪ ಇದೆ, ರೀಪೇಂಟೇ ಅನ್ಸತ್ತೆ, ಇರ್ಲಿ ಬಿಡಿ.

ಕೀ_ಕೊಡೋನು:
ಅಂಗಡಿಗೆ ಹೋದಾಗ ಪೂರ್ತಿ ಸರ್ವಿಸೂ ಮಾಡ್ಸಿ, ಒಳಗಿನ ಎಣ್ಣೆ ಒಣಗಿರತ್ತೆ, ಹಂಗೇ ಓಡ್ಸಿದ್ರೆ ಪಾರ್ಟ್ಸ್ ಸವೆಯತ್ತೆ. ಗ್ಲಾಸ್ ಅಕ್ರಿಲಿಕ್, ಪಾಲಿಶ್ ಮಾಡಿದ್ರೆ ಗೀರು ಹೋಗತ್ತೆ. ಕೇಸ್ ಮಾತ್ರ ಪಾಲಿಶ್ ಮಾಡಕ್ಕೆ ಬಿಡ್ಬೇಡಿ, ಕ್ರೋಮ್ ಎದ್ದು ಹಿತ್ತಾಳೆ ಕಾಣತ್ತೆ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ಮಳೆಗಾಲದಲ್ಲಿ ಜೇಬಲ್ಲಿಟ್ಕೊಳ್ಳಿ.